ಸಕ್ಕರೆ ಡಾಕ್ಟರು, ಮೂಳೆ ಡಾಕ್ಟರು ಮತ್ತು ಮಾಡದಕೆರೆಯ ಮೊಣಕಾಲು

ನಗಿಸಬೇಕೆಂದು ಯಾರೂ ಆಸ್ಪತ್ರೆಗೆ ಸೇರುವುದಿಲ್ಲ. ಆದರೂ ಚಿತ್ರದುರ್ಗದ ನಮ್ಮ ಮೂಳೆ ವಾರ್ಡಿನಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಅಲ್ಲಿ ನರ್ಸು. ಮೇಲಿನ ಮಹಡಿಯ ಮೂಳೆ ಡಾಕ್ಟರಿಗೂ ಕೆಳಗಿನ ಸಕ್ಕರೆ ಡಾಕ್ಟರಿಗೂ ನಡುವೆ ಓಡಾಡಿ ನನ್ನ ಮೊಣಕಾಲುಗಳೇ ಸವೆದಿವೆ. ಅದರಲ್ಲಿ ಅರ್ಧ ಸವೆಸಿದ ಪುಣ್ಯ ಮಾಡದಕೆರೆ ಕಡೆಯ ಒಬ್ಬ ಕುರಿ ಕಾಯುವ ಅಜ್ಜನದು.

೧. ಮೂರು ತಿಂಗಳ ಚಾಡಿ

ಅಜ್ಜನಿಗೆ ಮೊಣಕಾಲು ಬದಲಿಸಬೇಕಿತ್ತು. ಕುರಿ ಹಿಂದೆ ಹೋಗಲಾಗದೆ ಮನೆ ಮುಂದೆ ಕೂತು ಕೂತು ಅವನಿಗೆ ಸಾಕಾಗಿತ್ತು. ಸಕ್ಕರೆ ಹತೋಟಿಗೆ ಬರುವವರೆಗೆ ಚಾಕು ಮುಟ್ಟುವುದಿಲ್ಲ ಎಂದರು ಮೂಳೆ ಡಾಕ್ಟರು. ಗಾಯ ಕೀವಾಗಿ ಒಳಗಿನ ಕೀಲಿಗೆ ಇಳಿದರೆ, ಹಾಕಿದ್ದನ್ನೆಲ್ಲ ಮತ್ತೆ ಬಿಚ್ಚಿ ತೆಗೆಯಬೇಕಾಗಬಹುದು ಎಂದು ನಾನು ಬಿಡಿಸಿ ಹೇಳಿದೆ. ಅಜ್ಜ ತಲೆಯಾಡಿಸಿ ಹೋದ. ರಕ್ತ ಕೊಡುವ ಹಿಂದಿನ ದಿನವೆಲ್ಲ ಬರೀ ಮಜ್ಜಿಗೆ ಕುಡಿದು ಬಂದ. ಅವತ್ತಿನ ಸಕ್ಕರೆ ಚೆನ್ನಾಗಿಯೇ ಇತ್ತು. ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾತ್ರ ಅವನು ತಿಂದ ಹೋಳಿಗೆಯನ್ನೆಲ್ಲ ಹೇಳಿಬಿಟ್ಟಿತು. ಆಪರೇಷನ್ ಮುಂದಕ್ಕೆ ಹೋಯಿತು.

“ಈಗ ಸರಿ ಐತಲ್ಲಮ್ಮ. ಹಳೇದೆಲ್ಲ ಯಾಕ್ ಕೆದಕ್ತೀರಿ?” ಎಂದ ಅಜ್ಜ.

೨. ಬರಿಗೈಲಿ ಬರುವುದುಂಟೇ

ಕೊನೆಗೂ ಸಕ್ಕರೆ ಇಳಿಯಿತು, ಕಾಲು ಬೋಳಿಸಿ ಆಪರೇಷನ್ನೂ ಆಯಿತು. ಆಮೇಲೆ ಶುರುವಾಯಿತು ನೆಂಟರ ಕಾಟ. ತಾಳ್ಯದಿಂದ, ಹಿರಿಯೂರಿನಿಂದ ಬಂದವರೆಲ್ಲ ಬ್ರೆಡ್ಡು, ಬಾಳೆಹಣ್ಣು, ಬೆಣ್ಣೆ ಬಿಸ್ಕತ್ತು ತಂದರು. ತಂದವರ ಎದುರೇ ಒಂಚೂರು ತಿನ್ನದಿದ್ದರೆ ಅವರು ನೊಂದುಕೊಳ್ಳುತ್ತಾರೆ ಎಂಬುದು ಅಜ್ಜನ ಕಾನೂನು. ಸಕ್ಕರೆ ಮತ್ತೆ ಏರಿತು, ಸಕ್ಕರೆ ಡಾಕ್ಟರು ನನ್ನ ಮೇಲೆ ರೇಗಿದರು. ಅಂದಿನಿಂದ ನಾನು ಬಾಗಿಲಲ್ಲೇ ನಿಂತು ಪೊಟ್ಟಣ ಇಸಿದುಕೊಳ್ಳತೊಡಗಿದೆ. ನೆಂಟರು ಬಿಡಬೇಕಲ್ಲ, ಹಂಗಾರೆ ನೀವಾದ್ರೂ ತಿನ್ರಿ ಎಂದು ನನ್ನೆದುರು ನಿಂತರು.

ಅಜ್ಜನ ಸಕ್ಕರೆ ಇಳಿಯಿತು. ನನ್ನದನ್ನು ನೋಡಿಸಿಕೊಳ್ಳುವ ಧೈರ್ಯ ಇನ್ನೂ ಬಂದಿಲ್ಲ.

೩. ಗಾಯದ ಫೋಟೋ

ಮನೆಗೆ ಕಳಿಸುವಾಗ ಒಂದು ಮಾತು ಹೇಳಿದ್ದೆ. ಗಾಯದಲ್ಲಿ ಕೀವು ಕಂಡರೆ ಅರಿಶಿನ ಗಿರಿಶಿನ ಮೆತ್ತಬೇಡಿ, ತಕ್ಷಣ ಫೋಟೋ ಕಳಿಸಿ ಎಂದು. ಹೊಲಿಗೆ ಬಿಚ್ಚಿ ಕೆಲವು ವಾರವಾದ ಮೇಲೆ ಒಂದು ಸಂಜೆ ಫೋಟೋ ಬಂತು. ಬೋಳಿಸಿದ ಕರಿ ಚರ್ಮ, ಬಾಯಿಬಿಟ್ಟ ಗಾಯ, ತುಂಬ ಕೀವು. ಅಷ್ಟು ಕಷ್ಟಪಟ್ಟು ಪಡೆದ ಕಾಲು ಹೋಯಿತಲ್ಲ ಎಂದು ಕಣ್ಣಲ್ಲಿ ನೀರೇ ಬಂತು. ಎಂದೂ ಒಟ್ಟಿಗೆ ಕಾಣದ ಡಾಕ್ಟರಿಬ್ಬರೂ ನನ್ನ ಫೋನಿಗೆ ತಲೆ ತಾಗಿಸಿ ನಿಂತರು. “ನಾನು ಇಷ್ಟು ಕೆಟ್ಟದಾಗಿ ಕೊಯ್ದಿರಲಿಲ್ಲ” ಎಂದರು ಮೂಳೆ ಡಾಕ್ಟರು. ಫೋನ್ ಹಚ್ಚಿದರೆ ಅಜ್ಜ ಸಿಗಲಿಲ್ಲ. ಬೆಳಿಗ್ಗೆಯೇ ಆಸ್ಪತ್ರೆಗೆ ಬರಬೇಕು, ಹೊಟ್ಟೆ ಖಾಲಿ ಇರಲಿ ಎಂದು ಮೆಸೇಜ್ ಕಳಿಸಿದೆ.

ಬೆಳಿಗ್ಗೆ ಗೇಟಿನಲ್ಲಿ ಲಗೇಜ್ ಆಟೋ ನಿಂತಿತು. ನಾನು ಸ್ಟ್ರೆಚರ್ ತಳ್ಳಿಕೊಂಡು ಓಡಿದೆ. ಅಜ್ಜ ಕೋಲೂ ಇಲ್ಲದೆ ಇಳಿದು, ಹಿಂದಿನಿಂದ ಒಂದು ಕರಿ ಟಗರನ್ನು ಇಳಿಸಿದ. ಬೇಲಿ ಮುಳ್ಳು ತಾಗಿ ಅದರ ತೊಡೆ ಕೀವಾಗಿತ್ತು. ನಾವು ಮಾಡಿದಂತೆಯೇ ಬೋಳಿಸಿ, ನಾನು ಹೇಳಿದಂತೆಯೇ ಅರಿಶಿನ ಮೆತ್ತದೆ ಫೋಟೋ ಕಳಿಸಿದ್ದ.

“ನಿನ್ನೆ ಸಂಜೆಯಿಂದ ಒಂದ್ ಎಲೆ ಮುಟ್ಸಿಲ್ಲ ಇದಕ್ಕೆ” ಎಂದ.

ಅಲ್ಲೇ ಅವನ ಪಂಚೆ ಎತ್ತಿಸಿ ಮೊಣಕಾಲು ನೋಡಿದೆ. ಗಾಯ ಒಣಗಿ ಗೆರೆಯಷ್ಟೇ ಉಳಿದಿತ್ತು. ಬಯ್ಯಬೇಕೆಂದಿದ್ದವಳಿಗೆ ಹೋದ ಜೀವ ಬಂದಂತಾಯಿತು. ಹೇಗೂ ಬಂದಿದ್ದೀರಿ, ನಿಮ್ಮ ಖಾಲಿ ಹೊಟ್ಟೆ ಸಕ್ಕರೆಯನ್ನೂ ನೋಡಿಬಿಡೋಣ ಎಂದೆ.

“ಅದೆಂಗಾಗ್ತೈತಮ್ಮ? ಉಪಾಸ ಇರೋದು ಟಗರು. ನಾನು ಹೊಸದುರ್ಗದಾಗೆ ಕೇಸರಿಬಾತು ತಿಂದ್ ಬಂದೀನಿ.”