ತಪಾಸಣೆಗೆ ಸಿಕ್ಕ ಶೇಂಗಾ ಉಂಡಿ

ಕೊನೆಯ ಪರೀಕ್ಷೆ ಬರೆದ ದಿನ ಪೆನ್ನಿನ ಮುಚ್ಚಳವನ್ನು ಟಕ್ ಎಂದು ಹಾಕಿ, ಇನ್ನು ಈ ಜನ್ಮದಲ್ಲಿ ನನ್ನನ್ನು ಯಾರೂ ಪರೀಕ್ಷೆಗೆ ಕೂಡಿಸಲಾರರು ಎಂದು ನಿಶ್ಚಿಂತಳಾದವಳು ನಾನು. ಕಾನ್ವೆಂಟಿನ ಸಿಸ್ಟರ್ ಕಲಿಸಿದ ದುಂಡು ಅಕ್ಷರ, ಕರವಸ್ತ್ರದ ಮೂಲೆಗೆ ಹಾಕುವ ಹೂವು, ಮೆಲ್ಲಗೆ ಮಾತಾಡುವ ರೂಢಿ, ಇಷ್ಟರಲ್ಲೇ ಸಂಸಾರ ಸಾಗೀತು ಎಂಬ ನಂಬಿಕೆಯಿತ್ತು. ಬೆಲ್ಲದ ಪಾಕದ ವಿಷಯ ಮಾತ್ರ ಸಿಸ್ಟರ್ ಒಂದು ದಿನವೂ ಎತ್ತಿರಲಿಲ್ಲ.

ನಮ್ಮವರು ಗಡಿ ಕಾಯುವ ಪಡೆಯಲ್ಲಿ ಇನ್‌ಸ್ಪೆಕ್ಟರ್. ಖಾಕಿ ತೊಟ್ಟವರ ಓದು ತೊಟ್ಟ ದಿನವೇ ಮುಗಿಯಿತು ಎಂದುಕೊಂಡಿದ್ದೆ. ಸುಳ್ಳು. ಅವರಿಗೆ ವರ್ಷವರ್ಷವೂ ಮರುತರಬೇತಿ. ಹೊಸ ಕಾಯ್ದೆ ಓದಬೇಕು, ಕಾಗದಪತ್ರ ನೋಡುವುದು, ಚೀಲ ತಪಾಸಣೆ ಮಾಡುವುದು, ಪ್ರಥಮ ಚಿಕಿತ್ಸೆ ಎಲ್ಲವನ್ನೂ ಮತ್ತೆ ಕಲಿತು ಪಾಸಾಗಬೇಕು. ಈ ಸಲ ರಜೆಯ ಜೊತೆಗೆ ಆ ಪಾಠಗಳೂ ಮೊಬೈಲಿನಲ್ಲಿ ಕೂತು ನಮ್ಮ ಬೆಟಗೇರಿಯ ಮನೆಗೆ ಬಂದವು. ಎಲ್ಲದರಲ್ಲೂ ಪಾಸಾದರು. 'ಪ್ರಯಾಣಿಕರೊಡನೆ ಸೌಜನ್ಯದ ಮಾತು' ಎಂಬ ಒಂದೇ ಒಂದು ಪಾಠದಲ್ಲಿ ನಪಾಸಾದರು.

ತಪ್ಪು ಅವರದಲ್ಲ. ಹಿರೇವಡ್ಡಟ್ಟಿಯ ಎರೆಹೊಲದಲ್ಲಿ ಈ ಬದುವಿನಿಂದ ಆ ಬದುವಿಗೆ ಕೂಗಿ ಬೆಳೆದ ಗಂಟಲು ಅದು. ಅವರು ಪ್ರೀತಿಯಿಂದ "ಚಾ ಕುಡದೇನು?" ಎಂದರೂ ಪಕ್ಕದ ಮನೆಯವರು ಜಗಳವೆಂದು ಕಿಟಕಿ ತೆರೆಯುತ್ತಾರೆ. ಪರೀಕ್ಷಕರಿಗೂ ಹಾಗೇ ಅನ್ನಿಸಿರಬೇಕು. ವಿಡಿಯೊ ಕರೆಯಲ್ಲಿ ಮತ್ತೊಂದೇ ಅವಕಾಶ, ಅದರಲ್ಲೂ ಹೋದರೆ ರಜೆ ಅರ್ಧಕ್ಕೇ ಕತ್ತರಿಸಿ ತರಬೇತಿ ಕೇಂದ್ರಕ್ಕೆ ಹೊರಡಬೇಕು ಎಂದರು. ಮದುವೆಯಾದ ಮೇಲೆ ನಾಗರ ಪಂಚಮಿಗೆ ಅವರು ಮನೆಯಲ್ಲಿರುವುದು ಇದೇ ಮೊದಲು. ಹಿತ್ತಲ ಬೇವಿನ ಮರಕ್ಕೆ ಜೋಕಾಲಿ ಕಟ್ಟಲು ಹಗ್ಗ ಕೂಡ ತಂದಿಟ್ಟಿದ್ದರು.

ತಾಲೀಮು ಶುರುವಾಯಿತು. ನಾನು ಪ್ರಯಾಣಿಕಳು, ಅವರು ಅಧಿಕಾರಿ. "ನಮಸ್ಕಾರರೀ ತಾಯಿ!" ಎಂದು ಅವರು ಸೌಜನ್ಯ ತೋರಿಸಿದ ಅಬ್ಬರಕ್ಕೆ, ಬೀದಿಯಲ್ಲಿ ಹೋಗುತ್ತಿದ್ದ ಕಾಯಿಪಲ್ಲೆಯವಳು ಬುಟ್ಟಿ ಇಳಿಸಿ "ಏನ್ ಕೊಡ್ಲಿರಿ?" ಎಂದಳು. ನಾನು ನಕ್ಕು ನಕ್ಕು ಸೋಫಾದಿಂದ ಜಾರಿ ಕೆಳಗೆ ಕೂತೆ. ಮುಂಡರಗಿ ಬಸ್ಸಿಗೆ ಆಗಷ್ಟೇ ಬಂದಿಳಿದಿದ್ದ ಅತ್ತೆ ಇದನ್ನು ನೋಡಿ, "ನೀ ಸರಿ ಅತ್ತಾಗ. ಹಿಂಗ ಹಲ್ಲು ಕಿಸ್ಯೋರ್ನ ಯಾವ ಗಡಿಯಾಗ ಬಿಡ್ತಾರ? ನಾ ಆಕ್ಕೀನಿ ಪ್ಯಾಸೆಂಜರ್," ಎಂದು ಸೆರಗು ಸಿಕ್ಕಿಸಿದರು.

ಪರೀಕ್ಷೆಯ ಹೊತ್ತಿಗೆ ಅತ್ತೆಯ ಕೈಯಲ್ಲಿ ನಿಜವಾದ ಚೀಲವೇ ಇತ್ತು. ಸಂಜೆ ಲಕ್ಷ್ಮೇಶ್ವರದ ತಂಗಿಯ ಮನೆಗೆ ಹೊರಟಿದ್ದರು. ಚೀಲದಲ್ಲಿ ನನ್ನ ಸ್ಟೀಲ್ ಡಬ್ಬಿ, ಡಬ್ಬಿಯ ತುಂಬ ಪಂಚಮಿಯ ಶೇಂಗಾ ಉಂಡಿ. ಬೆಳಿಗ್ಗೆ ಒಂದು ತಿಂದು, "ಅಂತೂ ನಮ್ಮ ಕಾನ್ವೆಂಟ್ ಸೊಸಿ ಕೈ ಪಳಗಿತು! ನಮ್ಮ ತಂಗಿಗೆ ತೋರಸ್ತೀನಿ," ಎಂದು ಎಲ್ಲವನ್ನೂ ಕಟ್ಟಿಕೊಂಡಿದ್ದರು. ನಾನು ಸಿಸ್ಟರ್ ಕಲಿಸಿದಂತೆ ವಿನಯದಿಂದ ತಲೆ ತಗ್ಗಿಸಿದ್ದೆ. ಆ ಉಂಡಿಗಳನ್ನು ಕಟ್ಟಿದ ಕೈ ಗದಗಿನ ಬಜಾರದ ಮಿಠಾಯಿ ಅಂಗಡಿಯವರದು ಎಂದು ಹೇಳಲು ವಿನಯ ಅಡ್ಡ ಬಂತು.

ಮೊಬೈಲ್ ಹಿಡಿಯುವ ಕೆಲಸ ನನ್ನದು. ತೆರೆಯ ಮೇಲೆ ಪರೀಕ್ಷಕರು ಗಂಭೀರವಾಗಿ ಕೂತಿದ್ದರು. ನಮ್ಮವರು ಗಂಟಲನ್ನು ಎಲ್ಲಿ ಅಡಗಿಸಿಟ್ಟಿದ್ದರೋ, ಬೆಣ್ಣೆಯಂಥ ದನಿಯಲ್ಲಿ "ನಮಸ್ಕಾರರೀ ತಾಯಿ. ಚೀಲದಾಗ ಏನೈತಿ, ಸ್ವಲ್ಪ ತೋರಸ್ತೀರೇನ್ರಿ?" ಎಂದರು. ಮಗ ತನಗೆ 'ರಿ' ಹಚ್ಚಿದ್ದನ್ನು ಕೇಳಿ ಅತ್ತೆಗೆ ಕಣ್ಣು ತುಂಬಿತು. ನಮ್ಮ ಕಡೆ ಡಬ್ಬಿಯ ಮುಚ್ಚಳ ತೆಗೆದ ಮೇಲೆ ಎದುರಿಗಿದ್ದವರ ಬಾಯಿಗೆ ಒಂದು ತುತ್ತು ಬೀಳದೆ ಮುಚ್ಚುವ ಪದ್ಧತಿಯೇ ಇಲ್ಲ. ಅತ್ತೆ ಒಂದು ಉಂಡಿ ಎತ್ತಿ ನೇರ ಮಗನ ಬಾಯಿಗೇ ಹಿಡಿದರು.

"ಆ ಅನ್ನೋ ಬಸು."

ಪ್ರಯಾಣಿಕರಿಂದ ಏನನ್ನೂ ಸ್ವೀಕರಿಸಬಾರದು ಎಂಬುದು ಮೊದಲನೇ ಪಾಠ. ನಮ್ಮವರು ಬೆವೆತರು. ಕೈ ಮುಗಿದು, "ಡ್ಯೂಟಿ ಮ್ಯಾಲ ಅದೀನ್ರಿ ತಾಯಿ, ತಗೊಳ್ಳಾಕ ಬರೂದಿಲ್ಲ," ಎಂದರು.

"ಹಂಗಾದ್ರ ನಿಮ್ಮ ಸಾಹೇಬ್ರು ತಗೊಳ್ಳಿ!" ಅತ್ತೆ ಉಂಡಿಯನ್ನು ಮೊಬೈಲಿನ ಮುಖಕ್ಕೇ ಒತ್ತಿದರು. ಅದು ಪುಸಕ್ಕನೆ ಪುಡಿಯಾಯಿತು. ಆ ಪುಡಿಯನ್ನು ನೋಡುತ್ತ ನಮ್ಮವರ ಹುಬ್ಬು ಮೇಲೇರಿತು. ತರಬೇತಿ ಎಚ್ಚೆತ್ತಿತ್ತು.

"ಇವನ್ನ ಯಾರು ಕಟ್ಟ್ಯಾರ್ರಿ ತಾಯಿ?"

"ನಮ್ಮ ಸೊಸಿ. ಯಾಕ್ರಿ?"

"ಸಂಶಯ ಐತ್ರಿ. ಹೋದ ವರ್ಷ ಆಕಿ ಗಡಿಗೆ ಕಳಿಸಿದ್ದ ಉಂಡಿ ನಮ್ಮ ಹುಡುಗರು ಕಲ್ಲು ತಂದು ಒಡದ್ರು. ಇವು ಬೆರಳಿಗೇ ಪುಡಿ ಆಗಾಕತ್ಯಾವು. ಮತ್ತ ನೋಡ್ರಿ, ಎಲ್ಲಾ ಒಂದ ಅಳತಿ. ಆಕಿ ಕಟ್ಟಿದ್ರ ಒಂದು ಲಿಂಬಿಕಾಯಿ, ಒಂದು ತೆಂಗಿನಕಾಯಿ ಇರ್ತಿದ್ವು."

ಕ್ಯಾಮೆರಾ ಯಾಕೆ ಇಷ್ಟು ನಡುಗುತ್ತಿದೆ ಎಂದು ಪರೀಕ್ಷಕರು ಕೇಳಿದರು. ಅತ್ತೆ ನಿಧಾನವಾಗಿ ತಿರುಗಿ ನನ್ನನ್ನೇ ನೋಡಿದರು. ಆಮೇಲೆ, ನನ್ನ ಪುಣ್ಯ, ಡಬ್ಬಿ ತಬ್ಬಿಕೊಂಡು ನಗತೊಡಗಿದರು. ದನಿ ಮೃದು, ಏನನ್ನೂ ಸ್ವೀಕರಿಸಲಿಲ್ಲ, ಸುಳ್ಳು ಹೇಳಿಕೆಯನ್ನು ಸ್ಥಳದಲ್ಲೇ ಹಿಡಿದರು ಎಂದು ಪರೀಕ್ಷಕರು ಕೂಡ ನಗುನಗುತ್ತಲೇ ಪಾಸು ಮಾಡಿದರು. ರಜೆ ಉಳಿಯಿತು. ಅತ್ತೆಯ ಲಕ್ಷ್ಮೇಶ್ವರದ ಪ್ರಯಾಣ ರದ್ದಾಯಿತು.

ಯಾಕೆಂದರೆ ಅವರಿಗೆ ಇಲ್ಲಿ ಕೆಲಸ ಹುಟ್ಟಿತ್ತು. ಪಂಚಮಿಯ ಬೆಳಿಗ್ಗೆ ನಾನು ಒಲೆಯ ಮುಂದೆ, ಅತ್ತೆ ಸ್ಟೂಲಿನ ಮೇಲೆ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡುವುದು, ಕೈಗೆ ತುಪ್ಪ ಸವರುವುದು, ಬಿಸಿಯಿರುವಾಗಲೇ ಕಟ್ಟುವುದು. "ಜಲ್ದಿ ಕಟ್ಟ, ಗಟ್ಟಿ ಆಗತೈತಿ! ವರ್ಷಾ ವರ್ಷಾ ಬರಾಕಿ ನಾ, ನೀ ಪಾಸ್ ಆಗೂತನಕ." ಹೊರಗೆ ಜೋಕಾಲಿಯ ಮೇಲೆ ನಮ್ಮವರು ಇಡೀ ಬೆಟಗೇರಿಗೆ ಕೇಳುವಂತೆ ಕೂಗುತ್ತಿದ್ದರು.

ಕೊನೆಗೆ ಒಳಗೆ ಬಂದು ನಾನು ಕಟ್ಟಿದ ಮೊದಲನೇ ಉಂಡಿಯನ್ನು ಕೈಗೆತ್ತಿಕೊಂಡು ತೂಗಿ ನೋಡಿ, ಬಾಗಿಲ ಚೌಕಟ್ಟಿಗೆ ಮೆಲ್ಲಗೆ ತಟ್ಟಿದರು. ಟಕ್ ಎಂದಿತು. ನಮ್ಮವರು ಕೈ ಮುಗಿದು, ಹೊಸದಾಗಿ ಕಲಿತ ಬೆಣ್ಣೆಯ ದನಿಯಲ್ಲಿ ನನಗೆ ಹೇಳಿದರು:

"ಮುಂದಿನ ವರ್ಷ ಮತ್ತ ಪರೀಕ್ಷಾಕ್ಕ ಕುಂಡ್ರಬೇಕಾಕ್ಕೈತ್ರಿ ತಾಯಿ."