ಸ್ಪೇಸರ್ ಹಾಕಿದ ಜೀಪಿನಲ್ಲಿ ಬಿರಿಯಾನಿ ಚೆಂಬು

ಕಾಣಿಯೂರಿನಿಂದ ಪೆರಾಬೆಯವರೆಗೆ ಬಿರಿಯಾನಿಯ ಒಂದು ಅಗುಳೂ ಅಲುಗದಂತೆ ಜೀಪು ಓಡಿಸದಿದ್ದರೆ ನನ್ನ ಹೆಸರು ಝಾಕಿರನೇ ಅಲ್ಲ ಎಂದು ಘೋಷಿಸಿಬಿಟ್ಟೆ. ಘೋಷಣೆ ಕೇಳಲು ಅಡುಗೆಮನೆಯಲ್ಲಿ ಇದ್ದವರು ಇಬ್ಬರೇ. ನನ್ನ ಹೆಂಡತಿ ಫೌಝಿಯಾ ಮತ್ತು ಒಂದು ಬೆಕ್ಕು. ಬೆಕ್ಕು ಎದ್ದು ಹೋಯಿತು.

ಫೌಝಿಯಾ ಎದ್ದು ಹೋಗುವ ಸ್ಥಿತಿಯಲ್ಲಿರಲಿಲ್ಲ. ಅದು ಅವಳ ಮೊದಲ ದೊಡ್ಡ ಆರ್ಡರು. ಪೆರಾಬೆಯ ಮೈಮೂನಮ್ಮ ತಮ್ಮ ಮೊಮ್ಮಗಳ ಮದುವೆಯ ಇಡೀ ಊಟವನ್ನು ಇವಳಿಗೆ ಒಪ್ಪಿಸಿದ್ದರು. ಮೈಮೂನಮ್ಮ ಅಂದರೆ ಬಿರಿಯಾನಿಯ ಹೈಕೋರ್ಟು. ಅವರು ಒಂದು ತುತ್ತು ತಿಂದು ತಲೆಯಾಡಿಸಿದರೆ ಪುತ್ತೂರು, ಸುಳ್ಯ, ಕಡಬದ ಮದುವೆಗಳೆಲ್ಲ ನಮ್ಮ ಅಂಗಳಕ್ಕೇ ಬರುತ್ತವೆ. ಮೂತಿ ತಿರುಗಿಸಿದರೆ ಫೌಝಿಯಾ ಮತ್ತೆ ನನ್ನೊಬ್ಬನಿಗೇ ಅಡುಗೆ ಮಾಡಿಕೊಂಡಿರಬೇಕು. ಆ ಭಯದಲ್ಲೇ ಅವಳಿಗೆ ನಿದ್ದೆ ಹಾರಿಹೋಗಿತ್ತು.

ಹೆಂಡತಿಯ ಕಷ್ಟ ನೋಡಿಕೊಂಡು ಸುಮ್ಮನೆ ಕೂರುವ ಗಂಡ ನಾನಲ್ಲ. ಗಲ್ಫಿನ ಮರಳಿನಲ್ಲಿ ಗಾಡಿ ಓಡಿಸಿ ಬಂದವನು! ಪುತ್ತೂರಿಗೆ ಹೋಗಿ ನಮ್ಮ ಹಳೆಯ ಜೀಪಿಗೆ ಸ್ಪೇಸರ್ ಹಾಕಿಸಿಕೊಂಡು ಬಂದೆ. ಚಕ್ರಕ್ಕೂ ಅದನ್ನು ಹಿಡಿದಿರುವ ಹಬ್ಬಿಗೂ ನಡುವೆ ಕೂರಿಸುವ ದಪ್ಪನೆಯ ಅಲ್ಯೂಮಿನಿಯಂ ಬಿಲ್ಲೆ ಅದು. ನಾಲ್ಕೂ ಚಕ್ರಗಳು ಮೈಯಿಂದ ಹೊರಗೆ ಬಂದು, ಜೀಪು ಕುಸ್ತಿಗೆ ನಿಂತ ಪೈಲ್ವಾನನ ಹಾಗೆ ಕಂಡಿತು. ಫೌಝಿಯಾ ಹೊರಗೆ ಬಂದು ನೋಡಿದಳು.

“ಇದೆಂತ, ಜೀಪಿಗೆ ಬಾವು ಬಂದದ್ದಾ?”

“ತಿರುವಿನಲ್ಲಿ ವಾಲಬಾರದು ಅಂತ ಹಾಕಿಸಿದ್ದು. ಬಸ್ಸಲ್ಲಿ ನಿಂತವರು ಕಾಲು ಅಗಲ ಮಾಡಿ ನಿಲ್ಲುದಿಲ್ವಾ, ಹಾಗೆ.”

“ಕಾಲು ಅಗಲ ಮಾಡಿ ನಿಂತ್ರೆ ಸೊಂಟ ಹಿಡೀತದೆ.”

“ಜೀಪಿಗೆ ಸೊಂಟ ಎಲ್ಲುಂಟು ಮಾರಾಯ್ತಿ?”

ಅವಳು ಒಳಗೆ ನಡೆದಳು. ಒಳಗಿಂದ ಒಂದು ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ ತಂದು ನನ್ನ ಸೊಂಟಕ್ಕೆ ಒತ್ತಿದಳು. “ಹೀಗೆ ಹಿಡ್ಕೊಳ್ಳಿ. ಭಾರ ಉಂಟಾ?”

“ಇದೆಂತ ಭಾರ.”

“ಈಗ ತೊಟ್ಟು ಹಿಡಿದು ಕೈ ಉದ್ದ ಚಾಚಿ.”

ಚಾಚಿದೆ. ಭುಜದಲ್ಲಿ ಏನೋ ಚುರ್ ಎಂದಿತು.

“ಗುಜ್ಜೆ ದೊಡ್ಡ ಆಯ್ತಾ?”

“ಇಲ್ಲ.”

“ಮತ್ತೆ ಕೈ ಯಾಕೆ ನಡುಗುದು? ಚಕ್ರ ದೂರ ಹೋದಷ್ಟು ಒಳಗಿನ ಬೇರಿಂಗು, ಜಾಯಿಂಟು ಎಲ್ಲ ಹೀಗೇ ನಡುಗುದು. ಗುಂಡಿಗೆ ಬಿದ್ರೆ ಮುಗೀತು.”

“ನಡುಗುದಲ್ಲ, ಇದು ವ್ಯಾಯಾಮ,” ಎಂದೆ. ಅವಳು ಈರುಳ್ಳಿ ಹುರಿಯಲು ಒಳಗೆ ಹೋದಳು. ಇಳಿಸಿದರೆ ಸೋತ ಹಾಗೆ ಎಂದು ನಾನು ಗುಜ್ಜೆ ಹಿಡಿದು ಅಂಗಳದಲ್ಲೇ ನಿಂತೆ. ಈರುಳ್ಳಿ ಕೆಂಪಗಾಯಿತು, ನನ್ನ ಮುಖವೂ ಆಯಿತು. ಆದರೆ ಸ್ಪೇಸರ್ ಮಾತ್ರ ತೆಗೆಸಲಿಲ್ಲ!

ಮದುವೆಯ ದಿನ ದೊಡ್ಡ ತಾಮ್ರದ ಚೆಂಬು, ಅಂದರೆ ನಮ್ಮ ಕಡೆಯ ಬಿರಿಯಾನಿ ಹಂಡೆ, ಜೀಪಿನ ಹಿಂಭಾಗವನ್ನು ಏರಿತು. ಮುಚ್ಚಳದ ಸುತ್ತ ಮೈದಾ ಹಿಟ್ಟು ಮೆತ್ತಿತ್ತು. ಬಿರಿಯಾನಿಯನ್ನು ಹಾಗೆ ದಮ್ಮಿಗೆ ಇಟ್ಟ ಮೇಲೆ ಅಡುಗೆ ಮಾಡಿದವರ ಹೊರತು ಇನ್ನೊಬ್ಬರು ಮುಚ್ಚಳ ಮುಟ್ಟುವುದು ನಮ್ಮಲ್ಲಿ ದೊಡ್ಡ ಅಪರಾಧ. ಫೌಝಿಯಾ, “ನಾನು ತಟ್ಟೆ, ಪಾತ್ರೆ ತಕ್ಕೊಂಡು ಮುಂದೆ ಹೋಗ್ತೇನೆ, ನೀವು ನಿಧಾನ ಬನ್ನಿ,” ಎಂದು ನೆರೆಮನೆಯ ಇಬ್ರಾಹಿಮನ ಗೂಡ್ಸ್ ಆಟೋ ಹತ್ತಿದಳು. ಆಟೋದ ಹಿಂದೆ ಟಾರ್ಪಾಲು ಬಿಗಿದಿತ್ತು. ಇಡೀ ಮದುವೆಯ ಮಾನ ಈಗ ನನ್ನ ಕೈಯಲ್ಲಿ ಎಂದುಕೊಂಡು ಬಿಸ್ಮಿಲ್ಲಾ ಹೇಳಿ ಗೇರು ಹಾಕಿದೆ.

ಮೊದಲ ತಿರುವಿನಲ್ಲಿ ಜೀಪು ಅಲುಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಹಿಂದಿನಿಂದ ಗುಳುಗುಳು ಎಂಬ ಸದ್ದು ಬಂತು. ತುಪ್ಪಕ್ಕೆ ಫೌಝಿಯಾ ಜಿಪುಣತನ ಮಾಡಿಲ್ಲ ಎಂದು ನನಗೆ ಹೆಮ್ಮೆಯೇ ಆಯಿತು. ಆಮೇಲೆ ಹಂಪು ಬಂತು. ಹೊರಚಾಚಿದ ಚಕ್ರ ಮಡ್‌ಗಾರ್ಡಿಗೆ ಕರ್ರೆಂದು ಉಜ್ಜಿತು. ಗುಂಡಿಗೆ ಇಳಿದಾಗ ಸ್ಟಿಯರಿಂಗು ನನ್ನ ಕೈ ತಿರುಚಿತು. ಕುಮಾರಧಾರೆಯ ಸೇತುವೆ ದಾಟುವಾಗ ಎಡಗಡೆಯ ಮುಂದಿನ ಚಕ್ರ ಊಂ ಎಂದು ಊಳಿಡತೊಡಗಿತು. ಬೇರಿಂಗು! ಆದರೆ ಎದುರಿನ ಬಸ್ಸಿನವನು ಆಂಬುಲೆನ್ಸ್ ಎಂದು ತಿಳಿದು ಬದಿಗೆ ಸರಿದ. ಆಲಂಕಾರು ಪೇಟೆಯಲ್ಲಿ ಜನ ಎದ್ದು ನಿಂತು ದಾರಿ ಬಿಟ್ಟರು. ಮದುಮಗನಿಗೂ ಇಷ್ಟು ಮರ್ಯಾದೆ ಸಿಕ್ಕಿರಲಾರದು.

ಮದುವೆಮನೆಯ ಏರು ಕಣ್ಣೆದುರು ಇರುವಾಗ ಕೆಳಗಿನಿಂದ ಟಪ್ ಎಂಬ ಸದ್ದಾಯಿತು. ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟು ಕಳಚಿ, ಎಡಚಕ್ರ ಹೊರಗೆ ಮಲಗಿ, ಜೀಪು ಅಲ್ಲೇ ಮೊಣಕಾಲೂರಿತು. ಹಾರಿ ಇಳಿದು ಹಿಂದಕ್ಕೆ ಓಡಿ ಚೆಂಬು ಹಿಡಿದುಕೊಂಡೆ. ಜೀಪು ಹಾಳಾಗಿಹೋಗಲಿ, ಮೇಲೆ ಫೌಝಿಯಾ ಕಾಯುತ್ತಿದ್ದಾಳೆ, ಜನ ಪಂಕ್ತಿಯಲ್ಲಿ ಕೂತಿರುತ್ತಾರೆ!

ರಸ್ತೆ ಪಕ್ಕದ ಮನೆಯ ಸುದರ್ಶನ ಭಟ್ಟರು ಗೇಟಿಗೆ ಬಂದರು. ಹಳೆಯ ಪರಿಚಯ. “ಎಂತ ಝಾಕಿರ್, ಬಿರಿಯಾನಿಯಾ?”

“ಹೌದು ಭಟ್ರೇ. ಮಾನ ಹೋಗುವ ಹಾಗುಂಟು.”

“ನಾವು ತಿನ್ನುವವರಲ್ಲ. ಹೊರ್ಲಿಕ್ಕೆ ಎಂತ ತೊಂದರೆ? ಬಿದಿರು ತರ್ತೇನೆ, ನಿಲ್ಲಿ.”

ಭಟ್ಟರು ಬಿದಿರು ತಂದರು. ಎದುರಿನ ಅಂಗಡಿಯಲ್ಲಿ ಕೂತಿದ್ದ ಮತ್ತಿಬ್ಬರನ್ನೂ ಕರೆದರು. ಚೆಂಬಿನ ಕಿವಿಗಳಿಗೆ ಹಗ್ಗ ಬಿಗಿದು ಹೆಗಲಿಗೇರಿಸಿದೆವು. ನಾನು ಮುಂದೆ, ಭಟ್ಟರು ಹಿಂದೆ. “ಹಿಂದೆ ಎತ್ತಿ! ಹದ ಕೆಡ್ತದೆ!” ಎಂದು ಕೂಗುತ್ತ ಏರು ಹತ್ತಿದೆ. ಅಂಗಿ ಬೆವರಲ್ಲಿ ತೊಯ್ದು, ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು. ಚೆಂಬು ಮಾತ್ರ ಅಲುಗಲಿಲ್ಲ. ಚಪ್ಪರದ ಬಾಗಿಲಲ್ಲಿ ಇಳಿಸಿ, ಯುದ್ಧ ಗೆದ್ದ ಸೇನಾಪತಿಯ ಗತ್ತಿನಲ್ಲಿ ಹೇಳಿದೆ: “ಬಿರಿಯಾನಿ ಬಂತು. ಇನ್ನು ಕೂತ್ಕೊಳ್ಳಿ ಎಲ್ಲರೂ.”

ಯಾರೂ ಕೂರಲಿಲ್ಲ. ಎಲ್ಲರೂ ಏಳುತ್ತಿದ್ದರು. ಮೂಲೆಯಲ್ಲಿ ಒಬ್ಬರು ತೃಪ್ತಿಯಿಂದ ತೇಗಿದರು. ತಟ್ಟೆಗಳಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಒಳಗೆ ಮೈಮೂನಮ್ಮ ಫೌಝಿಯಾಳ ಕೈಗಳೆರಡನ್ನೂ ಹಿಡಿದು, “ನನ್ನ ಇನ್ನೊಬ್ಬ ಮೊಮ್ಮಗಳದ್ದೂ ನೀನೇ ಮಾಡ್ಬೇಕು,” ಎನ್ನುತ್ತಿದ್ದರು. ಫೌಝಿಯಾಳ ಕಣ್ಣು ತುಂಬಿತ್ತು. ನನಗೂ ಸಂತೋಷ ಉಕ್ಕಿತು. ಆದರೆ ಅವರು ತಿಂದದ್ದು ಯಾವ ಬಿರಿಯಾನಿ?

“ಆಟೋದಲ್ಲಿ ತಂದದ್ದು,” ಎಂದಳು ಫೌಝಿಯಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. “ಟಾರ್ಪಾಲಿನ ಅಡಿಯಲ್ಲಿ ಇತ್ತು.”

“ಹಾಗಾದ್ರೆ ಇದರಲ್ಲಿ?”

ಅವಳು ಚಾಕುವಿನಿಂದ ಹಿಟ್ಟು ಕೆರೆದು ಮುಚ್ಚಳ ಎತ್ತಿದಳು. ಹಬೆ ನನ್ನ ಮುಖಕ್ಕೆ ಹೊಡೆಯಿತು. ಚೆಂಬಿನ ತುಂಬ ಬಿಸಿನೀರು.

“ತುಪ್ಪದ ಕೈ ತೊಳೀಲಿಕ್ಕೆ ಬೇಕಲ್ಲ,” ಎಂದಳು ತಣ್ಣಗೆ. “ಬಿರಿಯಾನಿ ಚೆಲ್ಲಿದ್ರೆ ನನ್ನ ಹೆಸರು ಹೋಗ್ತಿತ್ತು. ನೀರು ಚೆಲ್ಲಿದ್ರೆ ಇಲ್ಲಿ ಬಾವಿ ಉಂಟು.”

ಭಟ್ಟರು ಬಿದಿರಿಗೆ ಒರಗಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಷ್ಟರಲ್ಲಿ ಮೈಮೂನಮ್ಮ ಬಂದು ಚೆಂಬಿನಿಂದ ಒಂದು ಚೊಂಬು ನೀರು ತೆಗೆದು, ನಿಧಾನವಾಗಿ ಕೈ ತೊಳೆದು, ನನ್ನ ಕಡೆ ತಿರುಗಿ ಗಂಭೀರವಾಗಿ ತಲೆಯಾಡಿಸಿದರು.

“ಒಳ್ಳೆ ಹದ ಉಂಟು ಝಾಕಿರ್. ಮುಂದಿನ ಮದುವೆಗೂ ನೀರು ನಿನ್ನದೇ.”