ಟಿವಿಯಲ್ಲಿ ಬಂದ ನಮ್ಮ ಸ್ಟೀಲ್ ಗಿಟಾರಿನವನು

ಟೆಕ್ಸಾಸಿನ ಟಿವಿಯಲ್ಲಿ ಕಂಟ್ರಿ ಹಾಡುಗಾರನ ಪಕ್ಕ ಕೂತು ಸ್ಟೀಲ್ ಗಿಟಾರ್ ನುಡಿಸುತ್ತ ಕಾಣಿಸಿಕೊಂಡ ಮೊದಲ ಕನ್ನಡಿಗ ನನ್ನ ರೂಮ್‌ಮೇಟ್. ಆಗ ಡಲ್ಲಾಸಿನ ಕನ್ನಡಿಗರೆಲ್ಲ ಹೀಗೆ ನಂಬಿದ್ದರು. ನಾನು ಯಾವುದನ್ನೂ ಬೇಗ ನಂಬುವವನಲ್ಲ. ಆದರೆ ಶೂಟಿಂಗ್ ನಡೆದ ಮೂರು ಊರಿಗೂ ಅವನ ವಾದ್ಯವನ್ನು ವ್ಯಾನಿನಲ್ಲಿ ಹೇರಿಕೊಂಡು ಹೋದವನು ನಾನೇ ಆದ್ದರಿಂದ ನಾನೂ ನಂಬಿದ್ದೆ. ನಾಲ್ಕು ಮನೆ ನಮ್ಮವರಿದ್ದ ಕಡೆ ಇಂಥವು ಆಗುತ್ತಲೇ ಇರುತ್ತವೆ. ಆಗುವಾಗ ಯಾರೂ ನಗುವುದಿಲ್ಲ, ಅಷ್ಟೆ.

ಅಂಗಡಿ

ನನ್ನ ರೂಮ್‌ಮೇಟ್ ಮೈಸೂರಿನವನು. ಡಲ್ಲಾಸಿಗೆ ಅಂಟಿಕೊಂಡ ರಿಚರ್ಡ್‌ಸನ್ ಊರಿನ ಒಂದು ಟೆಲಿಕಾಂ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಕಾಲೇಜಿನ ದಿನಗಳಲ್ಲಿ ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಹವಾಯಿಯನ್ ಗಿಟಾರ್ ನುಡಿಸುತ್ತಿದ್ದ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡೊಂದನ್ನು ಜಾರಿಸುತ್ತ ಸಿನಿಮಾ ಹಾಡುಗಳನ್ನು ಗೊಳೋ ಎಂದು ಅಳಿಸುವುದು ಅವನ ವಿಶೇಷ.

ಒಂದು ಭಾನುವಾರ ಹಳೆಯ ವಾದ್ಯಗಳ ಅಂಗಡಿಯಲ್ಲಿ ಅವನಿಗೆ ಪೆಡಲ್ ಸ್ಟೀಲ್ ಕಂಡಿತು. ಅದೂ ಅದೇ ಜಾತಿ. ಆದರೆ ತೊಡೆಯ ಮೇಲೆ ಹಿಡಿಸುವುದಿಲ್ಲ. ನಾಲ್ಕು ಕಾಲಿನ ಮೇಜಿನ ಹಾಗಿರುತ್ತದೆ, ಕೆಳಗೆ ಹೊಲಿಗೆ ಯಂತ್ರಕ್ಕಿರುವಂತೆ ಪೆಡಲುಗಳು. ಇವನು ಪೆಡಲು ಮುಟ್ಟದೆ, ಗೊತ್ತಿದ್ದಷ್ಟನ್ನು ನುಡಿಸಿದ. ಹಿಂದೆ ದೊಡ್ಡ ಹ್ಯಾಟಿನ ಹಿರಿಯನೊಬ್ಬ ತಂತಿ ಕೊಳ್ಳಲು ಬಂದವನು ಹಾಗೇ ನಿಂತ. ಅವನು ಕಂಟ್ರಿ ಹಾಡುಗಾರ. ಶನಿವಾರದ ಟಿವಿ ಕಾರ್ಯಕ್ರಮವೊಂದರಲ್ಲಿ ಹಾಡುವುದಿತ್ತು, ಅವನ ಸ್ಟೀಲ್ ಗಿಟಾರಿನವನು ಬೆನ್ನು ಹಿಡಿದುಕೊಂಡು ಮಲಗಿದ್ದ.

"ಎಲ್ಲಿ ನುಡಿಸ್ತಿದ್ದೆ?" ಎಂದು ಕೇಳಿದ.

"ಗಣೇಶನ ಆರ್ಕೆಸ್ಟ್ರಾದಲ್ಲಿ."

"ಅವರನ್ನ ಕೇಳಿದ್ದೀನಿ," ಎಂದ ಹಾಡುಗಾರ. "ಒಳ್ಳೇ ಬ್ಯಾಂಡು."

ಸಲಹೆ

ಅಲ್ಲೇ ಹತ್ತಿರದ ಲಾಸ್ ಕೊಲಿನಾಸಿನಲ್ಲಿ ಕೆಲಸ ಮಾಡುತ್ತಿದ್ದ ಒಬ್ಬರನ್ನು ನಾವೆಲ್ಲ ಲಾಯರ್ ಅಂಕಲ್ ಎನ್ನುತ್ತಿದ್ದೆವು. ಅವರು ಲಾಯರಲ್ಲ, ಕಂಪ್ಯೂಟರಿನವರು. ಗ್ರೀನ್ ಕಾರ್ಡಿನ ಅರ್ಜಿಯನ್ನು ತಾವೇ ತುಂಬಿದ್ದರು, ಅದು ಎರಡು ಸಲ ವಾಪಸು ಬಂದಿತ್ತು. ಆ ಅನುಭವ ಸಾಕೆಂದು ಜನ ತೀರ್ಮಾನಿಸಿದ್ದರು.

"ಅವರಿಂದ ದುಡ್ಡು ಏನಾದ್ರೂ ತೊಗೋತೀಯಾ?" ಎಂದು, ಹಾಡುಗಾರ ಇವನನ್ನು ಟಿವಿಗೆ ಕರೆದ ಸುದ್ದಿ ಕೇಳಿದ ಅಂಕಲ್ ವಿಚಾರಣೆ ಶುರು ಮಾಡಿದರು.

"ಇಲ್ಲ ಅಂಕಲ್. ಬರೀ ಹವ್ಯಾಸ."

"ಹವ್ಯಾಸ ಅಂತ ನಿನಗೆ ಗೊತ್ತಪ್ಪ. ಸರ್ಕಾರಕ್ಕೆ ಹೇಗೆ ಗೊತ್ತಾಗಬೇಕು? ಎಚ್-ಒನ್ ವೀಸಾ ಅಂದ್ರೆ ಒಬ್ಬನೇ ಯಜಮಾನ, ಬೇರೆ ಕಡೆ ದುಡಿಯೋ ಹಾಗಿಲ್ಲ. ನಿಮ್ಮ ಮ್ಯಾನೇಜರ್ ಆ ಪ್ರೋಗ್ರಾಂ ನೋಡ್ತಾನಾ?"

"ಒಂದು ವಾರಾನೂ ಬಿಡಲ್ಲ. ಸೋಮವಾರ ಕಾಫಿ ಹತ್ರ ಅದೇ ಮಾತು."

ಅಂಕಲ್ ಹಣೆ ಚಚ್ಚಿಕೊಂಡರು. ಅದು ಟೆಲಿಕಾಂ ಕಂಪನಿಗಳು ಶುಕ್ರವಾರ ಬಂತೆಂದರೆ ಒಂದಷ್ಟು ಜನರನ್ನು ಕೆಲಸದಿಂದ ತೆಗೆದು, ಸಾಮಾನು ತುಂಬಿಕೊಳ್ಳಲು ಕೈಗೆ ರಟ್ಟಿನ ಡಬ್ಬ ಕೊಟ್ಟು ಮನೆಗೆ ಕಳಿಸುತ್ತಿದ್ದ ವರ್ಷ. ಕೆಲಸ ಹೋದರೆ ವೀಸಾ ಹೋಯಿತು, ವೀಸಾ ಹೋದರೆ ಗಂಟುಮೂಟೆ. ಕಳಿಸಲು ಕಾರಣ ಹುಡುಕುತ್ತಿದ್ದವರಿಗೆ ನಾವೇ ಕಾರಣ ಒದಗಿಸಬಾರದು ಎಂದು ಅಂಕಲ್ ಹೇಳಿದರು. ವಾದ್ಯ ಬಿಡು ಎಂದರೆ ನಮ್ಮವನು ಬಿಡುವ ಹಾಗಿರಲಿಲ್ಲ. ಕೊನೆಗೆ ರಾಜಿಯಾಯಿತು. ಹ್ಯಾಟು ಹುಬ್ಬಿನವರೆಗೆ, ಕಪ್ಪು ಕನ್ನಡಕ, ತಲೆ ಎತ್ತುವಂತಿಲ್ಲ, ಯಾರಿಗೂ ಹೇಳುವಂತಿಲ್ಲ.

ಅಡಿಗೆಮನೆಯಲ್ಲಿ ಅಂಕಲ್ ಅವರ ಹೆಂಡತಿ ಫೋನಿನಲ್ಲಿದ್ದರು. ಅವರು ಧಾರವಾಡದವರು. "ಸೀಕ್ರೆಟ್ ಐತ್ರಿ, ಯಾರ ಮುಂದೂ ಹೇಳಬ್ಯಾಡ್ರಿ. ಮುಂದಿನ ತಿಂಗಳು, ಶನಿವಾರ ಹನ್ನೊಂದಕ್ಕ. ವಿಸಿಆರ್‌ಗೆ ಕ್ಯಾಸೆಟ್ ಹಾಕಿಡ್ರಿ."

ಅದು ಅವರ ಒಂಬತ್ತನೆಯ ಫೋನು.

ಹ್ಯೂಸ್ಟನ್

ಮೂರು ಊರಿನ ಮೂರು ಸ್ಟುಡಿಯೋಗಳಲ್ಲಿ ಶೂಟಿಂಗ್, ಎಲ್ಲ ಸೇರಿಸಿ ಒಂದೇ ಶನಿವಾರ ಪ್ರಸಾರ. ಮೊದಲನೆಯದು ಹ್ಯೂಸ್ಟನ್.

ನಮ್ಮ ಸಂಗೀತ ಕಛೇರಿಯಲ್ಲಿ ಗಾಯಕ ಏನು ಹಾಡುತ್ತಾನೋ ಪಿಟೀಲಿನವರು ಅದನ್ನೇ ಬೆನ್ನ ಹಿಂದೆಯೇ ನುಡಿಸುತ್ತಾರೆ. ಪಕ್ಕವಾದ್ಯದ ಧರ್ಮ ಅದು. ಕಂಟ್ರಿ ಹಾಡಿನಲ್ಲಿ ಧರ್ಮ ಬೇರೆ. ಹಾಡುಗಾರ ಬಾಯಿ ತೆರೆದಿರುವಾಗ ಸ್ಟೀಲ್ ಗಿಟಾರಿನವನು ಸುಮ್ಮನಿರಬೇಕು, ಅವನು ಉಸಿರೆಳೆದುಕೊಳ್ಳುವಾಗ ಸಣ್ಣಗೊಂದು ಅಳು ಸೇರಿಸಬೇಕು. ಇದನ್ನು ನಮ್ಮವನಿಗೆ ಯಾರೂ ಹೇಳಿರಲಿಲ್ಲ. ಹೇಳದೆಯೂ ಗೊತ್ತಿರುತ್ತದೆ ಎಂದು ಬ್ಯಾಂಡಿನವರು ತಿಳಿದಿದ್ದರು.

ರಿಹರ್ಸಲ್ಲಿನ ಮೊದಲ ಸಾಲಿಗೇ ಹಾಡುಗಾರ ನಿಲ್ಲಿಸಿದ. "ಸ್ಪೀಕರಿನಲ್ಲಿ ಎಕೋ ಬರ್ತಿದೆ."

ಸೌಂಡ್ ಎಂಜಿನಿಯರ್ ಒಂದು ವೈರು ಬದಲಿಸಿದ. ಮತ್ತೆ ಶುರು, ಮತ್ತೆ ಎಕೋ. ಮೈಕು ಬದಲಾಯಿತು, ಸ್ಪೀಕರು ಬದಲಾಯಿತು. ನಮ್ಮವನು ಹ್ಯಾಟಿನ ಕೆಳಗೆ ತಲೆ ಬಗ್ಗಿಸಿ ಶ್ರದ್ಧೆಯಿಂದ ಹಿಂಬಾಲಿಸುತ್ತಲೇ ಇದ್ದ. ನಾಲ್ಕನೆಯ ಸಲ ಹಾಡುಗಾರ ಅರ್ಧಕ್ಕೆ ಸಾಲು ಮರೆತು ನಿಂತುಬಿಟ್ಟ. ಎಕೋ ನಿಲ್ಲಲಿಲ್ಲ. ಉಳಿದರ್ಧ ಸಾಲನ್ನು ನೀಟಾಗಿ ಮುಗಿಸಿ, ಕೊನೆಗೊಂದು ಗಮಕವನ್ನೂ ಹಾಕಿತು.

ಎಲ್ಲರೂ ಇವನ ಕಡೆ ತಿರುಗಿದರು.

"ಎಂಜಿನಿಯರ್," ಎಂದ ಹಾಡುಗಾರ, "ಆ ಎಕೋ ಇರಲಿ ಬಿಡು. ಅದಕ್ಕೆ ಹಾಡು ಬರುತ್ತೆ."

ವಾಪಸು ಬರುವಾಗ ದಾರಿಯುದ್ದಕ್ಕೂ ಅವನು ಸುಮ್ಮನಿರುವುದನ್ನು ಅಭ್ಯಾಸ ಮಾಡಿದ. ನನ್ನ ಪಾಲಿಗೆ ಆ ಪ್ರವಾಸದ ಲಾಭ ಅದೊಂದೇ.

ಆಸ್ಟಿನ್

ಅಷ್ಟು ಹೊತ್ತಿಗೆ ಅವನು ಪೆಡಲು ಕಲಿತಿದ್ದ. ಬರಿಯ ಕಾಲುಚೀಲದಲ್ಲಿ ಒತ್ತುತ್ತಿದ್ದ. ಆಸ್ಟಿನ್ನಿನ ಡೈರೆಕ್ಟರ್ ಅದನ್ನು ನೋಡಿ ಶೂಟಿಂಗ್ ನಿಲ್ಲಿಸಿದಳು.

"ಹ್ಯಾಟು ಸರಿ, ಕನ್ನಡಕವೂ ಇರಲಿ. ಟೆಕ್ಸಾಸಿನ ಟಿವಿಯಲ್ಲಿ ಕಾಲುಚೀಲ ತೋರಿಸೋಕಾಗಲ್ಲ. ಬೂಟು ಬೇಕು."

ನಮ್ಮವನು ನನ್ನನ್ನು ಪಕ್ಕಕ್ಕೆ ಕರೆದ. "ವಾದ್ಯಕ್ಕೆ ಬೂಟುಕಾಲು ತಾಗಿಸೋದಾ? ಸರಸ್ವತಿ ಕಣೋ."

"ಕಾಲುಚೀಲದಲ್ಲಿ ಒದ್ದರೆ ಸರಸ್ವತಿಗೆ ಪರವಾಗಿಲ್ವಾ?"

"ಒದೆಯೋದಲ್ಲ, ಒತ್ತೋದು. ಅದಕ್ಕೂ ಮುಂಚೆ ಕ್ಷಮೆ ಕೇಳಿರ್ತೀನಿ."

ಇದು ನಿಜ. ಪ್ರತಿ ಹಾಡಿಗೂ ಮೊದಲು ವಾದ್ಯ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದ. ಅದು ಶ್ರುತಿ ನಿಲ್ಲಿಸುವ ಉಪಾಯವೆಂದು ತಿಳಿದು ಬ್ಯಾಂಡಿನ ಪಿಟೀಲಿನವನೂ ಹ್ಯೂಸ್ಟನ್ನಿನಿಂದಲೇ ಶುರುಮಾಡಿದ್ದ.

ಟೆಕ್ಸಾಸಿಗೆ ಹೊಸದಾಗಿ ಬಂದ ಎಲ್ಲರ ಹಾಗೆ ನಾನೂ ಮೊದಲ ತಿಂಗಳಲ್ಲೇ ಒಂದು ಜೊತೆ ಕೌಬಾಯ್ ಬೂಟು ಕೊಂಡು, ಒಂದೇ ದಿನ ಹಾಕಿ, ಬೆರಳು ಊದಿಸಿಕೊಂಡು ವ್ಯಾನಿನ ಹಿಂದೆ ಎಸೆದಿದ್ದೆ. ಅದನ್ನು ತಂದೆ. ವಾದ್ಯದ ಮುಂಭಾಗಕ್ಕೆ ಒಂದು ಕಪ್ಪು ಬಟ್ಟೆ ಇಳಿಬಿಟ್ಟು, ಅದರ ಕೆಳಗೆ ಖಾಲಿ ಬೂಟಿನ ಮೂತಿ ಮಾತ್ರ ಕಾಣುವಂತೆ ಇಟ್ಟೆವು. ಬಟ್ಟೆಯ ಹಿಂದೆ ಕಾಲುಚೀಲ, ಸರಸ್ವತಿ, ಕ್ಷಮೆ ಎಲ್ಲ ಯಥಾಪ್ರಕಾರ. ಡೈರೆಕ್ಟರಿಗೆ ಸಮಾಧಾನವಾಯಿತು.

ಹಾಡು ಮುಗಿದ ಮೇಲೆ ಕ್ಯಾಮೆರಾದವನು ಬಂದ. "ಎಲ್ಲ ಚೆನ್ನಾಗಿತ್ತು. ಆದರೆ ಅಂಥ ಹಾಡಿಗೂ ಈ ಮನುಷ್ಯನ ಕಾಲು ಒಂದಿಷ್ಟೂ ತಾಳ ಹಾಕಲಿಲ್ಲವಲ್ಲ."

"ಗಂಭೀರ ಸ್ವಭಾವ," ಎಂದೆ.

ಡಲ್ಲಾಸ್

ಡಲ್ಲಾಸಿನಲ್ಲಿ ಏನೂ ತೊಂದರೆಯಾಗಲಿಲ್ಲ. ಬೂಟುಗಳು ತಮ್ಮ ಜಾಗದಲ್ಲಿ ನಿಂತವು. ಅವನಿಗೊಂದು ಉದ್ದನೆಯ ಸೋಲೋ ಕೊಟ್ಟಿದ್ದರು. ನಿಜವಾಗಿಯೂ ಚೆನ್ನಾಗಿ ನುಡಿಸಿದ. ನಾನು ಹಾಗೆ ಹೇಳುವುದು ಅಪರೂಪ.

ಪ್ರಸಾರದ ಶನಿವಾರ ಅವನು ಟಿವಿಯ ಪ್ಲಗ್ಗನ್ನೇ ಕಿತ್ತಿಟ್ಟು ಬಟ್ಟೆ ಒಗೆಯುತ್ತ ಕೂತ. ತಾನು ನೋಡದಿದ್ದರೆ ಯಾರೂ ನೋಡಿರುವುದಿಲ್ಲ ಎಂಬ ತರ್ಕ ಇರಬೇಕು. ಭಾನುವಾರ ದೇವಸ್ಥಾನದಲ್ಲಿ ಆ ತರ್ಕ ಮುರಿಯಿತು. ಸಿಕ್ಕವರೆಲ್ಲ ನೋಡಿದ್ದರು.

"ಟಿವಿಯಲ್ಲಿ ಇನ್ನೂ ತೆಳ್ಳಗೆ ಕಾಣ್ತೀಯಪ್ಪ," ಎಂದರು ಒಬ್ಬರು.

"ಹ್ಯಾಟ್ ಭಾಳ ಒಪ್ಪಿತ್ತು ನೋಡಪಾ," ಎಂದರು ಧಾರವಾಡದ ಆಂಟಿ.

ಪ್ರತಿ ಹೊಗಳಿಕೆಗೂ ಅವನ ಮುಖ ಒಂದಿಷ್ಟು ಬಿಳುಚಿತು. ಇಷ್ಟು ಜನ ನೋಡಿದ್ದಾರೆಂದರೆ ಮ್ಯಾನೇಜರೂ ನೋಡಿದ್ದಾನೆ. ಪ್ರಸಾದದ ಪುಳಿಯೋಗರೆಯನ್ನು ಅವನು ಮುಟ್ಟಲಿಲ್ಲ. ಅವನದನ್ನೂ ನಾನೇ ತಿಂದೆ.

ಸೋಮವಾರ ಒಂಬತ್ತು ಗಂಟೆಗೆ ಮ್ಯಾನೇಜರ್ ತನ್ನ ಕೋಣೆಗೆ ಕರೆದ. ಬಾಗಿಲು ಹಾಕಿಕೋ ಎಂದ. ಆ ವರ್ಷ ಬಾಗಿಲು ಹಾಕಿಕೋ ಎಂದರೆ ಒಂದೇ ಅರ್ಥ. ಮ್ಯಾನೇಜರ್ ಬಾಯಿ ತೆರೆಯುವ ಮೊದಲೇ ನಮ್ಮವನು ಎಲ್ಲವನ್ನೂ ಒಪ್ಪಿಕೊಂಡುಬಿಟ್ಟ.

"ಅದು ನಾನೇ. ಶನಿವಾರದ ಸ್ಟೀಲ್ ಗಿಟಾರು. ಒಂದು ಪೈಸೆ ತೊಗೊಂಡಿಲ್ಲ. ಆಫೀಸ್ ಟೈಮಲ್ಲಿ ಮಾಡಿಲ್ಲ."

ಮ್ಯಾನೇಜರ್ ಪೆನ್ನು ಕೆಳಗಿಟ್ಟ. "ಆ ಪ್ರೋಗ್ರಾಂ ನಾನು ಪೂರ್ತಿ ನೋಡಿದೆ. ನೀನು ಅದರಲ್ಲಿ ಇರಲಿಲ್ಲ."

"ಇದ್ದೆ. ಹ್ಯಾಟ್ ಹಾಕಿದ್ದೆ."

"ನೋಡು, ನಲವತ್ತು ವರ್ಷದಿಂದ ಸ್ಟೀಲ್ ಗಿಟಾರ್ ಕೇಳ್ತಿದ್ದೀನಿ. ಅದನ್ನ ನುಡಿಸಿದವನು ಇದೇ ಮಣ್ಣಲ್ಲಿ ಹುಟ್ಟಿ ಬೆಳೆದವನು. ಬೂಟು ನೋಡಿದರೇ ಗೊತ್ತಾಗುತ್ತೆ." ಆಮೇಲೆ ದನಿ ತಗ್ಗಿಸಿದ. "ಲೇಆಫ್ ಲಿಸ್ಟಿನಲ್ಲಿ ನಿನ್ನ ಹೆಸರಿಲ್ಲ ಅಂತ ಹೇಳೋಕೆ ಕರೆದೆ. ನೀನು ತುಂಬಾ ಟೆನ್ಷನ್ ಮಾಡಿಕೊಂಡಿದ್ದೀಯ. ಎರಡು ದಿನ ಮನೆಯಲ್ಲಿ ಮಲಗು."

ಕೆಲಸ ಉಳಿಯಿತು, ವೀಸಾ ಉಳಿಯಿತು, ಮೇಲೆ ಎರಡು ದಿನ ರಜೆ. ಸುದ್ದಿ ಕೇಳಿ ಅವನಿಗಿಂತ ನನಗೇ ಹೆಚ್ಚು ನಿರಾಳವಾಯಿತು. ನನ್ನದೂ ಎಚ್-ಒನ್ನೇ. ಬಾಡಿಗೆಯೂ ಇಬ್ಬರದು. ಅವನಿಗೆ ಮಾತ್ರ ಒಂದು ಮಾತು ಚುಚ್ಚುತ್ತಿತ್ತು.

"ಅದರಲ್ಲಿ ನಾನಿರಲಿಲ್ಲ ಅಂತಾನಲ್ಲೋ."

ಅವತ್ತೇ ಸಂಜೆ ಅಂಕಲ್ ಮನೆಗೆ ಹೋದೆವು. ಆಂಟಿ ರೆಕಾರ್ಡ್ ಮಾಡಿದ ಕ್ಯಾಸೆಟ್ಟನ್ನು ಇನ್ನೂ ಯಾರೂ ಹಾಕಿ ನೋಡಿದಂತಿರಲಿಲ್ಲ. ಅದನ್ನು ವಿಸಿಆರಿಗೆ ಹಾಕಿದರು.

ಹ್ಯೂಸ್ಟನ್ನಿನಲ್ಲಿ ಹಾಡುಗಾರನ ಹೊಟ್ಟೆ ಪರದೆಯನ್ನೆಲ್ಲ ತುಂಬಿತ್ತು. ನಮ್ಮವನು ಅದರ ಹಿಂದೆ ಎಲ್ಲೋ ಇದ್ದಿರಬೇಕು. ಆಸ್ಟಿನ್ನಿನಲ್ಲಿ ಪಿಟೀಲಿನವನು ಪಿಟೀಲು ಮುಟ್ಟಿ ಕಣ್ಣಿಗೊತ್ತಿಕೊಂಡದ್ದು ಸ್ಪಷ್ಟವಾಗಿ ಬಂದಿತ್ತು. ಡಲ್ಲಾಸಿನಲ್ಲಿ ಸೋಲೋ ಶುರುವಾದಾಗ ಕ್ಯಾಮೆರಾ ಹಾಡುಗಾರನ ಹ್ಯಾಟಿನಿಂದ ನಿಧಾನಕ್ಕೆ ಕೆಳಗಿಳಿದು, ಪಕ್ಕಕ್ಕೆ ಸರಿದು, ಕಪ್ಪು ಬಟ್ಟೆಯ ಅಂಚಿಗೆ ಬಂದು ನಿಂತಿತು. ಸೋಲೋ ಮುಗಿಯುವವರೆಗೂ ಅಲ್ಲಿಯೇ ಇತ್ತು. ಆಮೇಲೆ ಪಿಕಪ್ ಟ್ರಕ್ಕಿನ ಜಾಹೀರಾತು.

"ಆಂಟಿ," ಎಂದ ನಮ್ಮವನು. "ಹ್ಯಾಟ್ ಒಪ್ಪಿತ್ತು ಅಂದಿದ್ರಿ."

"ಬೂಟ್ ಬಂದಾವಲ್ಲಪಾ," ಎಂದರು ಆಂಟಿ. "ಬೂಟ್ ಭಾಳ ಛಂದ ಅದಾವ."

ಲಾಯರ್ ಅಂಕಲ್ ಸೋಫಾಕ್ಕೆ ಒರಗಿ ಕಾಲು ಚಾಚಿದರು. "ಮುಖ ಇಲ್ಲ, ಕೈ ಇಲ್ಲ. ಒಳ್ಳೇದಾಯ್ತು. ಟಿವಿಯಲ್ಲಿ ಬಂದಿರೋದು ಆ ಬೂಟಿನವನು. ಏನಾದ್ರೂ ಆದ್ರೆ ಅವನಿಗೇ."

ಬೂಟು ನನ್ನದು.